ಓಸಿ ಬ್ಯಾಟಲ್‌ಗೆ ಹಲ್ಲಿರಲಿಲ್ಲ

ಬೆಳಿಗ್ಗೆ ಏಳಕ್ಕೆ ಪಾಳಿ ಬದಲಾದ ಮೇಲೆ ಕುರ್ಚಿಗೆ ದಿಂಬು ಹಾಕಿ, ಕನ್ನಡಕ ಒರೆಸಿ, ಪರದೆಯ ಮೇಲಿನ ನಲವತ್ತು ಚೌಕಗಳನ್ನು ಎಡದಿಂದ ಬಲಕ್ಕೆ ಒಂದು ಸಲ ಓದಿಕೊಳ್ಳುವುದು ವರ್ಲೀನ್ ಟಬ್ಸ್‌ಳ ವಾಡಿಕೆ. ಅವತ್ತು ಮೂವತ್ತೊಂದನೆಯ ಚೌಕದ ಹತ್ತಿರ ಅವಳ ಕಣ್ಣು ನಿಂತಿತು. ನಾಲ್ಕನೇ ಮಹಡಿ, ಹನ್ನೆರಡನೇ ಕೋಣೆ. ಗ್ರಿಗ್ಸ್, ಎಲ್.

ಅವಳು ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದಳು. ಗ್ರಿಗ್ಸ್ ಎಲ್ಲಿಯೂ ಹೋಗಿರಲಿಲ್ಲ.

"ಇದು ಯಾವ ಗ್ರಿಗ್ಸು?" ಎಂದು ಪಕ್ಕದ ಕುರ್ಚಿಯ ಡೆಲ್ರಾಯ್‌ನನ್ನು ಕೇಳಿದಳು.

ಡೆಲ್ರಾಯ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಮಕ್ಕಳ ಗಲಾಟೆ ಸಾಕಾಗಿ, ಗಲಾಟೆಯೇ ಇಲ್ಲದ ಈ ನೆಲಮಾಳಿಗೆಗೆ ಬಂದು ಕೂತವನು. "ನಮ್ಮವನೇ ಕಣಮ್ಮ. ಲಾಮಾರ್ ಗ್ರಿಗ್ಸ್, ದೊಡ್ಡ ಸಾಹೇಬ. ನಿನ್ನೆ ಮೀಟಿಂಗಲ್ಲಿ ಯಾರಿಗೋ ಬೈತಾ ಬೈತಾನೇ ಕುಸಿದುಬಿದ್ನಂತೆ. ಅವನಿಗೂ ಹೃದಯ ಇದೆ ಅಂತ ಡಾಕ್ಟರು ಬರೆದು ಸಹಿ ಹಾಕಿದಾರೆ."

"ಇದೆ," ಎಂದಳು ವರ್ಲೀನ್. "ನಿಮಿಷಕ್ಕೆ ಎಪ್ಪತ್ತೆರಡು."

ಆಮೇಲೆ ಕಾಫಿಯ ಲೋಟವನ್ನು ಕೈಗೆಟುಕದ ಕಡೆ ಸರಿಸಿಟ್ಟಳು, ತೋಳು ಮಡಚಿಕೊಂಡಳು. ಡೆಲ್ರಾಯ್ ಓರೆಗಣ್ಣಿನಲ್ಲಿ ನೋಡಿದ. ಅವಳು ನಗುತ್ತಿದ್ದಳು. ಆ ನಗು ಅವನಿಗೆ ಹಿಡಿಸಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಇಂಥ ನಗು ಕಂಡರೆ ಅವನು ಗಾಡಿ ನಿಲ್ಲಿಸುತ್ತಿದ್ದ.

ಶ್ರೀವ್‌ಪೋರ್ಟಿನ ಆ ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿಕೊಂಡು ಮಲಗಿದವರ ಬಡಿತವೆಲ್ಲ ಇಳಿದುಬರುವುದು ಈ ಕೋಣೆಗೆ. ಕಿಟಕಿಯಿಲ್ಲ. ಎರಡು ಕುರ್ಚಿ, ನಾಲ್ಕು ಪರದೆ, ಒಂದು ಕೆಂಪು ಫೋನು, ಒಂದು ಬಿಳಿ ಫೋನು. ಇಲ್ಲಿ ಕೂತವರು ರೋಗಿಯ ಮುಖ ನೋಡುವುದಿಲ್ಲ. ಗೆರೆ ನೋಡುತ್ತಾರೆ. ಗೆರೆ ಕೆಟ್ಟರೆ ಮೇಲಿನ ಮಹಡಿಯ ನರ್ಸಿಗೆ ಫೋನು ಮಾಡುತ್ತಾರೆ. ಯಾರಿಗೆ ಮಾಡಿದೆ, ಎಷ್ಟು ಗಂಟೆಗೆ, ಅವರೇನೆಂದರು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನೋಡುವುದು, ಫೋನು ಮಾಡುವುದು, ಬರೆಯುವುದು, ಕುರ್ಚಿ ಬಿಟ್ಟು ಏಳದಿರುವುದು. ಕೆಲಸ ಇಷ್ಟೇ.

ವರ್ಲೀನ್ ಇದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಅನ್ನ, ಕೆಂಪು ಬೀನ್ಸ್ ಕಾಳು ಬಡಿಸಿದವಳು. ನಲವತ್ತೈದನೇ ವಯಸ್ಸಿನಲ್ಲಿ ಆರು ವಾರದ ತರಬೇತಿಗೆ ಸೇರಿದಾಗ ಕಲಿಸುವವನು, "ಅಮ್ಮಾ, ನಲವತ್ತು ಗೆರೆ ಒಟ್ಟಿಗೇ ನೋಡೋಕೆ ನಿಮ್ಮ ಕೈಲಾಗುತ್ತಾ?" ಎಂದು ಕೇಳಿದ್ದ. "ಮುನ್ನೂರು ಮಕ್ಕಳು ಊಟಕ್ಕೆ ಕೂತಿರುವಾಗ ಯಾವನು ತಿನ್ನದೆ ಸುಮ್ಮನೆ ಕೂತಿದಾನೆ ಅಂತ ನಾನು ಬೆನ್ನು ತಿರುಗಿಸಿಕೊಂಡೇ ಹೇಳ್ತಿದ್ದೆ," ಎಂದಿದ್ದಳು ಇವಳು. ಆ ತಂಡದಲ್ಲಿ ಮೊದಲು ಪಾಸಾದವಳು ಇವಳೇ. ತರಬೇತಿ ಮುಗಿದ ದಿನ ಕೊಟ್ಟ ಎರಡು ಮೊನೆಯ ಉಕ್ಕಿನ ಕೈವಾರ ಇನ್ನೂ ಅವಳ ಜೇಬಿನಲ್ಲಿದೆ. ಕಾಗದದ ಮೇಲೆ ಬಡಿತಕ್ಕೂ ಬಡಿತಕ್ಕೂ ಅಂತರ ಅಳೆಯಲು ಅದು. ಹೊಸಬರು ಯಂತ್ರ ಹೇಳಿದ ಅಂಕಿ ನಂಬುತ್ತಾರೆ. ವರ್ಲೀನ್ ಕೈವಾರ ನಂಬುತ್ತಾಳೆ.

ಅವಳ ಇನ್ನೊಂದು ಹುದ್ದೆ ಭಾನುವಾರದ್ದು. ನ್ಯೂ ಶೈಲೋ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ಬಂದವರನ್ನು ಕೂರಿಸುವುದು, ಬೇಸಿಗೆಯಲ್ಲಿ ಕೈಗೊಂದು ಬೀಸಣಿಗೆ ಕೊಡುವುದು. ಬೀಸಣಿಗೆಯ ಒಂದು ಬದಿಗೆ ಬೆಟ್ಟ, ಹೊಳೆ. ಇನ್ನೊಂದು ಬದಿಗೆ ಶವಪೆಟ್ಟಿಗೆ ಮಾರುವವರ ಫೋನ್ ನಂಬರು. ಎರಡೂ ಬೇಕಾದವೇ ಎಂದು ಯಾರೂ ಬೇಡವೆನ್ನುವುದಿಲ್ಲ. ಒಬ್ಬಳ ಹೊರತು.

ಆ ಒಬ್ಬಳು ಲೂರೀನ್ ಬ್ಯಾಟಲ್, ಓಸಿ ಬ್ಯಾಟಲ್‌ನ ಹೆಂಡತಿ. ಆರು ಬೇಸಿಗೆಯಿಂದ ಅವಳು ವರ್ಲೀನಳ ಕೈಯಿಂದ ಬೀಸಣಿಗೆ ತೆಗೆದುಕೊಂಡಿಲ್ಲ. ವರ್ಲೀನ್ ಚಾಚುತ್ತಾಳೆ, ಲೂರೀನ್ ಕೈಚೀಲದಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು ಮುಂದೆ ಹೋಗುತ್ತಾಳೆ. ಜಗಳವಿಲ್ಲ, ಮಾತಿಲ್ಲ. ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಪ್ರತಿ ಭಾನುವಾರ ನೋಡುತ್ತಾರೆ.

ಓಸಿ ಆ ಚರ್ಚಿನ ಡೀಕನ್, ಅಂದರೆ ಹಿರಿಯ. ಆರು ವರ್ಷದ ಹಿಂದೆ ಎದೆನೋವೆಂದು ಇದೇ ನಾಲ್ಕನೇ ಮಹಡಿಗೆ ಸೇರಿದ್ದ. ಮೂರನೇ ದಿನ ಬೆಳಿಗ್ಗೆ ಎಂಟು ನಲವತ್ತೊಂದಕ್ಕೆ ಅವನ ಗೆರೆ ಹುಚ್ಚೆದ್ದು ಕುಣಿಯಿತು. ವರ್ಲೀನ್ ಮೇಲಕ್ಕೆ ಫೋನು ಮಾಡಿದಳು. ಆಗ ಆ ಮಹಡಿಯ ಮೇಲ್ವಿಚಾರಕನಾಗಿದ್ದ ಲಾಮಾರ್ ಗ್ರಿಗ್ಸ್ ಎತ್ತಿದ.

"ಹಲ್ಲುಜ್ಜುತ್ತಿರಬೇಕು ಬಿಡಮ್ಮ. ಬೆಳಿಗ್ಗೆ ಎಲ್ಲರೂ ಉಜ್ಜುತಾರೆ," ಎಂದು ಇಟ್ಟುಬಿಟ್ಟ.

ಈ ಕಸುಬಿನವರಿಗೆಲ್ಲ ಗೊತ್ತಿರುವ ಮೋಸ ಇದು. ರೋಗಿ ಹಲ್ಲುಜ್ಜುವಾಗ ತೋಳು ಅಲ್ಲಾಡುತ್ತದೆ, ತಂತಿ ಅಲ್ಲಾಡುತ್ತದೆ, ಸಾಯುವ ಹೃದಯದ ಹಾಗೆಯೇ ಗೆರೆ ಕುಣಿಯುತ್ತದೆ. ದಿನಕ್ಕೆ ಹತ್ತು ಸಲ ಹಾಗಾಗುತ್ತದೆ. ಗ್ರಿಗ್ಸ್ ಹೇಳಿದ್ದು ಹತ್ತರಲ್ಲಿ ಒಂಬತ್ತು ರೋಗಿಗಳ ವಿಷಯದಲ್ಲಿ ಸರಿಯೇ ಇರುತ್ತಿತ್ತು. ಆದರೆ ಓಸಿ ಬ್ಯಾಟಲ್‌ಗೆ ಬಾಯಲ್ಲಿ ಒಂದು ಹಲ್ಲಿರಲಿಲ್ಲ. ಕಟ್ಟಿಸಿಕೊಂಡ ಹಲ್ಲು ಯಾವಾಗಲೂ ಅಂಗಿಯ ಜೇಬಿನಲ್ಲಿರುತ್ತಿತ್ತು. ಚರ್ಚಿನ ವನಭೋಜನದಲ್ಲಿ ಮುಸುಕಿನ ಜೋಳವನ್ನು ಚಾಕುವಿನಲ್ಲಿ ಹೆರೆದು ತಿನ್ನುತ್ತಿದ್ದ ಮನುಷ್ಯ. "ಅವರಿಗೆ ಹಲ್ಲೇ ಇಲ್ಲ ಸಾರ್!" ಎಂದು ವರ್ಲೀನ್ ಕೂಗಿದ್ದು ಸತ್ತ ಫೋನಿಗೆ. ಮತ್ತೆ ಮಾಡಿದಳು. ಆ ಕಡೆ ಯಾರೋ ಫೋನು ಎತ್ತಿ ಬದಿಗಿಟ್ಟಿದ್ದರು. ಆಗ ಈ ಕೋಣೆಯವರಿಗೆ ತುರ್ತು ಕರೆ ಕೂಗಿಸುವ ಅಧಿಕಾರವಿರಲಿಲ್ಲ, ಎಲ್ಲ ಮಹಡಿಯವರ ಮೂಲಕವೇ. ಅವಳು ಕೂತು ನೋಡಿದಳು. ಕುಣಿತ ನಿಂತು ಗೆರೆ ಮಲಗುವವರೆಗೂ ನೋಡಿದಳು.

ಕೆಳಗಿನಿಂದ ಕರೆಯೇ ಬರಲಿಲ್ಲ, ಬಹುಶಃ ಅಲ್ಲಿನವರು ಕುರ್ಚಿಯಲ್ಲಿರಲಿಲ್ಲ ಎಂದು ಗ್ರಿಗ್ಸ್ ವಿಚಾರಣೆಯಲ್ಲಿ ಬರೆದುಕೊಟ್ಟ. ವರ್ಲೀನ್ ತನ್ನ ಪುಸ್ತಕ ತೋರಿಸಿದಳು. ಕೈಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು ಎಂದರು. ಮೊದಲನೆಯ ಮೆಮೊ ಬಂತು. ಮುಂದಿನ ತಿಂಗಳು ಸಭೆಯಲ್ಲಿ ಎದ್ದುನಿಂತು, "ಹಲ್ಲಿಲ್ಲದವನು ಏನನ್ನ ಉಜ್ಜುತಿದ್ದ ಅಂತ ಯಾರಾದ್ರೂ ಕೇಳಿ," ಎಂದಿದ್ದಕ್ಕೆ ಎರಡನೆಯದು. ಆಸ್ಪತ್ರೆ ಲೂರೀನಳಿಗೆ ಕಳಿಸಿದ ಕಾಗದದಲ್ಲಿ ವರ್ಲೀನಳ ಹೆಸರಿರಲಿಲ್ಲ ನಿಜ. ಆದರೆ ಹಗಲುಪಾಳಿಯ ಆ ಕುರ್ಚಿ ಯಾರದೆಂದು ನ್ಯೂ ಶೈಲೋದಲ್ಲಿ ಸಣ್ಣ ಮಗುವಿಗೂ ಗೊತ್ತಿತ್ತು.

ಗ್ರಿಗ್ಸ್ ದೊಡ್ಡವನಾದ. ದೊಡ್ಡವನಾದ ಮೇಲೆ ನಿಯಮ ಮಾಡಿದ. ಏಳನೆಯ ನಿಯಮದ ಪ್ರಕಾರ ಯಾವ ರೋಗಿಯ ಯಾವ ತಂತಿ ಸಡಿಲವಾದರೂ, ಗೆರೆ ಎಷ್ಟೇ ಅಲ್ಲಾಡಿದರೂ, ಒಂದು ನಿಮಿಷದೊಳಗೆ ಕೆಳಗಿನವರು ಫೋನು ಮಾಡಬೇಕು. ನರ್ಸು ಖುದ್ದಾಗಿ ಕೋಣೆಗೆ ಹೋಗಿ, ರೋಗಿಯನ್ನು ಮಾತಾಡಿಸಿ, ತಂತಿ ಮುಟ್ಟಿ ನೋಡಿ ಬರಬೇಕು. ಕೆಂಪು ಫೋನಿನಿಂದ ನೇರವಾಗಿ ತುರ್ತು ಕರೆ ಕೂಗಿಸುವ ಅಧಿಕಾರವನ್ನೂ ಕೊಟ್ಟ, ಹಿಂದೆಯೇ ಬಾಲ ಸೇರಿಸಿದ. ಸುಳ್ಳು ಕರೆ ಕೂಗಿಸಿದವರಿಗೆ ಮೆಮೊ, ಮೂರು ಮೆಮೊಗೆ ಮನೆ. ವರ್ಲೀನಳ ಖಾತೆಯಲ್ಲಿ ಎರಡು ಆಗಲೇ ಇದ್ದವು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

ಏಳನೆಯ ನಿಯಮವನ್ನು ಯಾರೂ ಪೂರ್ತಿ ಪಾಲಿಸುತ್ತಿರಲಿಲ್ಲ. ಪಾಲಿಸಿದರೆ ಆಸ್ಪತ್ರೆಯಲ್ಲಿ ಒಬ್ಬರಿಗೂ ನಿದ್ದೆ ಇಲ್ಲ. ಮಗ್ಗುಲು ಬದಲಿಸಿದರೆ ತಂತಿ ಸಡಿಲ, ಕೆಮ್ಮಿದರೆ ಗೆರೆ ಅಲ್ಲಾಟ. ಎರಡು ನಿಮಿಷ ಕಾದು ನೋಡಿ ಬಿಟ್ಟುಬಿಡುವುದು ರೂಢಿ.

ಮೂವತ್ತೊಂದನೆಯ ಚೌಕದ ರೋಗಿಗೆ ರೂಢಿ ಬೇಡ, ನಿಯಮವೇ ಇರಲಿ ಎಂದು ವರ್ಲೀನ್ ತೀರ್ಮಾನಿಸಿದಳು. ಮಾಡಿದವನಿಗೆ ಮಾಡಿದ್ದನ್ನು ಬಡಿಸಬೇಕಲ್ಲ.

ಏಳು ಇಪ್ಪತ್ತಕ್ಕೆ ಮೊದಲ ಫೋನು. ನಾಲ್ಕನೇ ಮಹಡಿಯಲ್ಲಿ ಆವತ್ತು ಕ್ಯಾಂಡಿಸ್ ಎಂಬ ನರ್ಸು. ಒಳ್ಳೆಯ ಹುಡುಗಿ, ಹೊಸಬಳು.

"ಕಂದಾ, ಹನ್ನೆರಡನೇ ಕೋಣೆ. ಬಿಳಿ ತಂತಿ ಸಡಿಲ."

"ಈಗಷ್ಟೇ ಕಣ್ಣು ಮುಚ್ಚಿದಾರೆ ಮಿಸ್ ವರ್ಲೀನ್."

"ನಿಯಮ ಏಳು, ಕಂದಾ. ಮಾತಾಡಿಸಬೇಕು."

ಏಳು ನಲವತ್ತಕ್ಕೆ ಎರಡನೆಯದು. ಎಂಟಕ್ಕೆ ಮೂರನೆಯದು. ತಿಂಡಿಯ ತಟ್ಟೆ ಮುಂದಿಟ್ಟ ಹೊತ್ತು ನೋಡಿ ನಾಲ್ಕನೆಯದು. ಚಮಚ ಎತ್ತಿದಾಗಲೂ ಗೆರೆ ಅಲ್ಲಾಡುತ್ತದೆ, ಅಲ್ಲಾಡಿದ್ದು ನಿಜ. ವರ್ಲೀನ್ ಒಂದೂ ಸುಳ್ಳು ಕರೆ ಮಾಡಲಿಲ್ಲ. ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಳು. ನಡುನಡುವೆ ಗೆರೆಯನ್ನು ಕಾಗದದ ಪಟ್ಟಿಯಲ್ಲಿ ಮುದ್ರಿಸಿ ಅದರ ಮೇಲೆ ಕೈವಾರ ಇಟ್ಟು ಗ್ರಿಗ್ಸ್‌ನ ಬಡಿತ ಅಳೆದಳು. ಒಂಬತ್ತರ ಹೊತ್ತಿಗೆ ಆ ಅಂತರ ಅವನ ಹೆಂಡತಿಗಿಂತ ಇವಳಿಗೆ ಚೆನ್ನಾಗಿ ಗೊತ್ತಾಗಿತ್ತು.

"ಏನು ಮಾಡ್ತಿದ್ದೀಯಾ ವರ್ಲೀನ್?" ಎಂದ ಡೆಲ್ರಾಯ್.

"ಕೆಲಸ."

"ಕೆಲಸ ನಾನೂ ಮಾಡ್ತೀನಿ. ನೀನು ಕೋಳಿಯ ಪುಕ್ಕ ಒಂದೊಂದಾಗಿ ಕೀಳ್ತಿದೀಯ."

"ಕೋಳಿ ಸತ್ತಮೇಲೆ ಪುಕ್ಕ ಕೀಳೋದು. ಇದು ಇನ್ನೂ ಜೀವಂತ ಇದೆ, ನೋಡು."

ಒಂಬತ್ತೂವರೆಗೆ ಬಿಳಿ ಫೋನು ಬಡಿದುಕೊಂಡಿತು. ಕೆಳಗಿನ ಕೋಣೆಯ ನಂಬರು ರೋಗಿಗಳಿಗೆ ಗೊತ್ತಿರುವುದಿಲ್ಲ. ಈ ರೋಗಿಗೆ ಗೊತ್ತಿತ್ತು.

"ಯಾರಮ್ಮ ಅದು ಅಲ್ಲಿ?"

"ವರ್ಲೀನ್ ಟಬ್ಸ್, ಸಾರ್. ಕುರ್ಚಿಯಲ್ಲೇ ಇದೀನಿ."

ಪರದೆಯ ಮೇಲೆ ಎಪ್ಪತ್ತೆರಡು ಇದ್ದದ್ದು ಎಂಬತ್ತೆಂಟಾಯಿತು.

"ಎಂಟು ಸಲ ಎಬ್ಬಿಸಿದೀರಿ ನನ್ನ. ನಿಮಗೆ ತಲೆ ಇದೆಯೇನ್ರೀ? ಎದೆ ಹಿಡ್ಕೊಂಡು ಬಂದವನು ಮಲಗಬೇಕೋ ಬೇಡವೋ?"

"ನಿಯಮ ಹಾಗಿದೆ ಸಾರ್. ಯಾರೋ ತುಂಬಾ ಯೋಚನೆ ಮಾಡಿ ಮಾಡಿದಾರೆ."

"ಹೊರಗೆ ಬರ್ತೀನಿ ನಾಡಿದ್ದು. ಬಂದಮೇಲೆ ನೋಡ್ಕೋತೀನಿ."

"ನೋಡ್ಕೊಳಿ ಸಾರ್. ಅಷ್ಟರೊಳಗೆ ಒಂದು ಮಾತು ಕೇಳ್ಲಾ? ಆರು ವರ್ಷದ ಹಿಂದೆ ಓಸಿ ಬ್ಯಾಟಲ್ ಅಂತ ಒಬ್ಬರಿದ್ದರಲ್ಲ. ಎಂಟು ನಲವತ್ತೊಂದಕ್ಕೆ ನಾನು ಫೋನು ಮಾಡಿದ್ದೆನೋ ಇಲ್ಲವೋ?"

"ಆರು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತೆ? ನನಗೆ ನೆನಪಿಲ್ಲ."

ವರ್ಲೀನ್ ಪರದೆಯತ್ತ ಬೆರಳು ತೋರಿಸಿದಳು. ಡೆಲ್ರಾಯ್ ಬಗ್ಗಿ ನೋಡಿದ. ನೂರಾ ಹನ್ನೆರಡು.

"ಸಾರ್, ನಿಮ್ಮ ಬಾಯಿ ನೆನಪಿಲ್ಲ ಅಂತಿದೆ. ನಿಮ್ಮ ಎದೆ ನೂರಾ ಹನ್ನೆರಡು ಅಂತಿದೆ. ನಾನು ಯಾವುದನ್ನ ಬರೆದುಕೊಳ್ಳಲಿ?"

ಫೋನು ಕುಕ್ಕಿದ ಸದ್ದು. ಮರುಗಳಿಗೆ ಮೂವತ್ತೊಂದನೆಯ ಚೌಕದಲ್ಲಿ ಗೆರೆಯೇ ಮಾಯ. ಗ್ರಿಗ್ಸ್ ಸಿಟ್ಟಿನಲ್ಲಿ ಐದೂ ತಂತಿ ಕಿತ್ತೆಸೆದಿದ್ದ. ವರ್ಲೀನ್ ನಿಧಾನಕ್ಕೆ ನರ್ಸಿಗೆ ಒಂಬತ್ತನೆಯ ಫೋನು ಮಾಡಿದಳು. ಕ್ಯಾಂಡಿಸ್ ಓಡಿಹೋಗಿ, ಬೈಸಿಕೊಂಡು, ಮತ್ತೆ ಅಂಟಿಸಿ ಬಂದಳು. ಅರ್ಧಗಂಟೆಯಲ್ಲಿ ಹತ್ತನೆಯದೂ ಹನ್ನೊಂದನೆಯದೂ ಆದವು.

"ಮಿಸ್ ವರ್ಲೀನ್, ದಮ್ಮಯ್ಯ," ಎಂದಳು ಕ್ಯಾಂಡಿಸ್. "ನನಗೆ ಇನ್ನೂ ಐದು ಜನ ರೋಗಿಗಳಿದಾರೆ. ಅವರು ನನ್ನ ಮೇಲೆ ಕಿರುಚ್ತಾರೆ, ನಿಮ್ಮ ಮೇಲಲ್ಲ."

ಅದು ವರ್ಲೀನಳಿಗೆ ತಟ್ಟಿತು. ತಟ್ಟಿದರೂ ನಿಲ್ಲುವಷ್ಟು ತಟ್ಟಲಿಲ್ಲ.

ಹತ್ತೂ ನಲವತ್ತಕ್ಕೆ ಗೆರೆ ಕುಣಿಯಲು ಶುರುವಾಯಿತು. ಸಣ್ಣ, ಚೂಪು, ಬಿರುಸಿನ ಕುಣಿತ. ವರ್ಲೀನ್ ಪಟ್ಟಿ ಮುದ್ರಿಸಿ ಕೈವಾರ ಇಟ್ಟಳು. ಗದ್ದಲದ ನಡುವೆಯೂ ಅವನ ಸ್ವಂತ ಬಡಿತದ ಮೊನೆಗಳು ಅದೇ ಅಂತರದಲ್ಲಿ ತಲೆಯೆತ್ತಿದ್ದವು, ಸಂತೆಯ ಗುಂಪಿನಲ್ಲಿ ಎತ್ತರದವನ ತಲೆ ಕಂಡ ಹಾಗೆ. ಹೃದಯಕ್ಕೇನೂ ಆಗಿಲ್ಲ. ಹಲ್ಲುಜ್ಜುತ್ತಿದ್ದಾನೆ. ಲಾಮಾರ್ ಗ್ರಿಗ್ಸ್‌ಗೆ ಮೂವತ್ತೆರಡೂ ಹಲ್ಲಿದ್ದವು. ಸಭೆಯಲ್ಲಿ ನಕ್ಕಾಗ ಎಲ್ಲವೂ ಕಾಣುತ್ತಿದ್ದವು.

ಗೊತ್ತಿದ್ದೂ ಅವಳು ಫೋನೆತ್ತಿದಳು. ಈ ಒಂದು ಕರೆಗಾಗಿ ಆರು ವರ್ಷ ಕಾದಿದ್ದಳು.

"ಹನ್ನೆರಡನೇ ಕೋಣೆ, ಕಂದಾ. ಗೆರೆ ಕೆಟ್ಟಿದೆ."

"ಹಲ್ಲುಜ್ಜುತಿದಾರೆ!" ಎಂದು ಕ್ಯಾಂಡಿಸ್ ಕಿರುಚಿದಳು. "ನಾನೇ ಬ್ರಷ್ಷು ಕೈಗೆ ಕೊಟ್ಟು ಬಂದೆ. ಹಲ್ಲುಜ್ಜುತಿದಾರೆ, ಅಷ್ಟೇ!" ಎಂದು ಇಟ್ಟುಬಿಟ್ಟಳು.

ವರ್ಲೀನ್ ನಗುತ್ತ ಪುಸ್ತಕದಲ್ಲಿ ಬರೆದಳು. ಹತ್ತು ನಲವತ್ತೊಂದು. ನರ್ಸ್ ಉತ್ತರ: ಹಲ್ಲುಜ್ಜುತ್ತಿದ್ದಾರೆ. ಬರೆದು ತಲೆಯೆತ್ತಿದಾಗ ಗೆರೆ ಇನ್ನೂ ಕುಣಿಯುತ್ತಿತ್ತು. ಆದರೆ ಕುಣಿತ ಬೇರೆಯಾಗಿತ್ತು. ಚೂಪು ಹೋಗಿ ಅಗಲವಾಗಿತ್ತು, ಬೆಟ್ಟದ ಸಾಲಿನ ಹಾಗೆ. ಮತ್ತೆ ಪಟ್ಟಿ ಮುದ್ರಿಸಿದಳು. ಕೈವಾರದ ಒಂದು ಮೊನೆ ಇಟ್ಟು ಇನ್ನೊಂದನ್ನು ಇಳಿಸಿದಳು. ಅವನ ಬಡಿತ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಮುಂದಿನ ಜಾಗದಲ್ಲೂ ಇಲ್ಲ. ಅದರಾಚೆಗೂ ಇಲ್ಲ.

ನರ್ಸಿಗೆ ಫೋನು ಮಾಡಿದಳು. ಬಡಿದುಕೊಂಡಿತು, ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಹನ್ನೆರಡು ಸಲ ಮಾಡಿದವಳ ಹದಿಮೂರನೆಯ ಫೋನನ್ನು ಯಾರು ಎತ್ತುತ್ತಾರೆ? ಆ ಕಿವಿಯನ್ನು ಮುಚ್ಚಿಸಿದ್ದು ತಾನೇ ಎಂದು ಅವಳಿಗೆ ಹೊಳೆದದ್ದು ಆಗ.

ಅವಳ ಕೈ ಕೆಂಪು ಫೋನಿನ ಮೇಲಿತ್ತು.

"ತಡಿ," ಎಂದ ಡೆಲ್ರಾಯ್. "ಬ್ರಷ್ಷು ಅಂತ ಅವಳೇ ಹೇಳಿದಾಳೆ. ಕೂಗಿಸಿ, ಅವನು ಬಾಯಿ ಮುಕ್ಕಳಿಸ್ತಾ ನಿಂತಿದ್ದರೆ? ಮೂರನೇ ಮೆಮೊ, ವರ್ಲೀನ್. ಅವನೇ ಸಹಿ ಹಾಕೋದು. ಹದಿನಾಲ್ಕು ತಿಂಗಳು ಉಳಿದಿದೆ ನಿನಗೆ." ಆಮೇಲೆ ದನಿ ತಗ್ಗಿಸಿ, "ಸುಮ್ಮನಿದ್ದರೂ ನಿನ್ನ ಪುಸ್ತಕ ಸರಿಯಾಗೇ ಇದೆ. ಫೋನು ಮಾಡಿದೆ, ನರ್ಸು ಹಲ್ಲುಜ್ಜುತಿದಾರೆ ಅಂದ್ಳು. ಯಾರೂ ನಿನ್ನ ಕೇಳಲ್ಲ."

ನಿಜವೇ. ಓಸಿ ಹೋದ ಹಾಗೆಯೇ ಗ್ರಿಗ್ಸ್ ಹೋಗುತ್ತಿದ್ದ. ಅದೇ ಮಹಡಿ, ಅದೇ ಮಾತು, ಪುಸ್ತಕದಲ್ಲಿ ಅದೇ ಸಾಲು. ಸೇಡು ಯಾರೋ ಅಳತೆ ತೆಗೆದು ಹೊಲಿದುಕೊಟ್ಟಷ್ಟು ಸರಿಯಾಗಿ ಕೂತಿತ್ತು. ಸುಮ್ಮನೆ ಕೂತರೆ ಸಾಕು.

"ಇವನು ಸತ್ತರೆ ಲೂರೀನ್‌ಗೆ ನಿಜ ಹೇಳೋರು ಯಾರು?" ಎಂದಳು ವರ್ಲೀನ್. "ಸಾಯೋಕೆ ಬಿಡಲ್ಲ ನಾನು ಇವನನ್ನ. ಅಷ್ಟು ಸುಲಭಕ್ಕೆ ಬಿಡಲ್ಲ."

ಕೆಂಪು ಫೋನೆತ್ತಿದಳು. ಇಡೀ ಆಸ್ಪತ್ರೆಯ ಚಾವಣಿಯಿಂದ ಹೆಂಗಸಿನ ದನಿ ಕೂಗಿತು. ಕೋಡ್ ಬ್ಲೂ, ನಾಲ್ಕನೇ ಮಹಡಿ, ಹನ್ನೆರಡನೇ ಕೋಣೆ. ಹತ್ತು ನಲವತ್ತಮೂರು ಎಂದು ವರ್ಲೀನ್ ಬರೆದಳು. ಅವಳ ಅಕ್ಷರ ದುಂಡಗಿರಲಿಲ್ಲ.

ಆಮೇಲೆ ನೋಡುವುದಷ್ಟೇ ಕೆಲಸ. ಗೆರೆ ಒಮ್ಮೆ ಮೇಲಕ್ಕೆ ಚಿಮ್ಮಿ ಮಲಗಿತು, ಷಾಕ್ ಕೊಟ್ಟರು. ಮತ್ತೆ ಬೆಟ್ಟಸಾಲು. ಮತ್ತೆ ಚಿಮ್ಮಿತು. "ಏಳೋ ಪಾಪಿ," ಎಂದಳು ವರ್ಲೀನ್ ಪರದೆಗೆ. "ಏಳು. ನಿನ್ನ ಕೆಲಸ ಬಾಕಿ ಇದೆ." ಮೂರನೆಯ ಸಲ ಚಿಮ್ಮಿದ ಮೇಲೆ ಒಂದು ಮೊನೆ ಬಂತು. ಉದ್ದನೆಯ ಬಿಡುವು. ಇನ್ನೊಂದು ಮೊನೆ. ಕೈವಾರ ಇಟ್ಟು ಅಳೆದಳು. ಅದೇ ಅಂತರ. ಅವನದೇ.

ಮಧ್ಯಾಹ್ನ ಕ್ಯಾಂಡಿಸ್ ಕೆಳಗಿಳಿದು ಬಂದಳು. ಬಾಯಿತುಂಬ ನೊರೆ, ಮುಷ್ಟಿಯಲ್ಲಿ ಬ್ರಷ್ಷು, ಹಾಗೇ ಹಾಸಿಗೆಯಿಂದ ಜಾರಿ ಬಿದ್ದಿದ್ದನಂತೆ ಗ್ರಿಗ್ಸ್. "ಹನ್ನೆರಡನೇ ಫೋನು ಮಾಡಿದಾಗ ಹಲ್ಲುಜ್ಜುತಿದಾರೆ ಅಂತ ನಿಮಗೆ ಗೊತ್ತಿತ್ತು. ಅಲ್ವಾ?" ಎಂದಳು.

"ಗೊತ್ತಿತ್ತು, ಕಂದಾ."

"ಅದೊಂದನ್ನ ಮಾಡದೆ ಇದ್ದಿದ್ರೆ ಹದಿಮೂರನೇದನ್ನ ನಾನು ಎತ್ತುತ್ತಿದ್ದೆ."

ವರ್ಲೀನ್ ಜೇಬಿನಿಂದ ಪೆನ್ನು ತೆಗೆದಳು. ಪುಸ್ತಕ ತೆರೆದು ಹನ್ನೆರಡನೆಯ ಕರೆಯ ಪಕ್ಕದಲ್ಲಿ, ಹಲ್ಲುಜ್ಜುವುದೆಂದು ತಿಳಿದೇ ಮಾಡಿದ್ದು, ವ. ಟಬ್ಸ್, ಎಂದು ಬರೆದು ಹುಡುಗಿಗೆ ತೋರಿಸಿದಳು. ಆ ಹಾಳೆ ವಿಚಾರಣೆಗೆಂದು ಮೇಲಕ್ಕೆ ಹೋಯಿತು. ವಿಚಾರಣೆ ನಡೆಸಬೇಕಾದ ಸಾಹೇಬ ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಮಲಗಿದ್ದರಿಂದ ಅಲ್ಲೇ ಉಳಿಯಿತು.

ನಾಲ್ಕನೆಯ ದಿನ ಬಿಳಿ ಫೋನು ಮತ್ತೆ ಬಡಿದುಕೊಂಡಿತು. ದನಿ ಸಣ್ಣಗಾಗಿತ್ತು.

"ಮಿಸ್ ಟಬ್ಸ್. ನೀವೇ ಕೂಗಿಸಿದ್ದು ಅಂತ ಹೇಳಿದರು. ಥ್ಯಾಂಕ್ಸ್ ಹೇಳೋಣ ಅಂತ."

"ಅದನ್ನ ನೀವೇ ಇಟ್ಕೊಳಿ ಸಾರ್."

"ನಿಮ್ಮ ಎರಡೂ ಮೆಮೊ ತೆಗೆಸಿಹಾಕ್ತೀನಿ."

"ಕಾಗದ ತಗೊಂಡು ಏನು ಮಾಡಲಿ?"

"ಮತ್ತೇನು ಬೇಕು ನಿಮಗೆ?"

"ಭಾನುವಾರ. ನ್ಯೂ ಶೈಲೋ. ಎರಡನೇ ಹಾಡಾದ ಮೇಲೆ ಸಾಕ್ಷಿ ಹೇಳೋ ಹೊತ್ತು. ದೇವರು ಯಾರನ್ನ ಹೇಗೆ ಉಳಿಸಿದ ಅಂತ ಎದ್ದುನಿಂತು ಹೇಳ್ತಾರೆ. ಸತ್ತು ಎದ್ದವರು ಯಾವ ಚರ್ಚಿನವರಾದರೂ ಸರಿ, ಯಾರೂ ಬೇಡ ಅನ್ನಲ್ಲ. ಮೂರನೇ ಸಾಲಿನಲ್ಲಿ ಲೂರೀನ್ ಬ್ಯಾಟಲ್ ಕೂತಿರ್ತಾಳೆ. ಆವತ್ತಿನ ಫೋನಿನ ವಿಷಯ ಅವಳಿಗೆ ಕೇಳಿಸೋ ಹಾಗೆ ಹೇಳಬೇಕು."

"ವಕೀಲರು ಒಪ್ಪಲ್ಲ."

"ಅವತ್ತು ವಕೀಲರೇನೂ ಫೋನು ಎತ್ತಿರಲಿಲ್ಲ."

"ನಾನು ಬರದೆ ಇದ್ದರೆ?"

"ಬರದಿದ್ದರೆ ಏನೂ ಇಲ್ಲ ಸಾರ್. ನೀವು ಮತ್ತೆ ಬರ್ತೀರ ಇಲ್ಲಿಗೆ. ಇಂಥ ಹೃದಯದವರು ಬಂದೇ ಬರ್ತಾರೆ. ನಾನು ಕುರ್ಚಿಯಲ್ಲೇ ಇರ್ತೀನಿ." ಪರದೆ ನೋಡಿ ಹೇಳಿದಳು, "ಈಗ ನೂರಾ ಹದಿನೆಂಟು, ಸಾರ್. ಮಲಗಿ."

ಗ್ರಿಗ್ಸ್ ಬಂದದ್ದು ಮೂರು ವಾರದ ಮೇಲೆ, ಜುಲೈ ತಿಂಗಳಲ್ಲಿ. ಎದೆಯ ಚರ್ಮದ ಕೆಳಗೆ ಡಾಕ್ಟರು ಹೊಲಿದಿಟ್ಟ ಸಣ್ಣ ಯಂತ್ರ, ಮೇಲೆ ಕೋಟು. ಚರ್ಚಿನ ಎರಡು ಏಸಿಯಲ್ಲಿ ಒಂದು ಕೆಟ್ಟಿತ್ತು. ಅದು ಗ್ರಿಗ್ಸ್ ಕೂತ ಕಡೆಯದು. ಅವನನ್ನು ಆ ಕಡೆ ಕೂರಿಸಿದ್ದು ಬಿಳಿ ಕೈಗವಸಿನ ಕೈ.

ಎರಡನೇ ಹಾಡು ಮುಗಿಯಿತು. ಒಬ್ಬ ಮುದುಕಿ ಎದ್ದು ಮೊಣಕಾಲು ವಾಸಿಯಾದದ್ದು ಹೇಳಿದಳು. ಆಮೇಲೆ ಗ್ರಿಗ್ಸ್ ಎದ್ದ. ದೇವರು ದೊಡ್ಡವನು ಎಂದ. ಜನ ಹೌದೆಂದರು. ಎರಡು ನಿಮಿಷ ಸತ್ತಿದ್ದೆ ಎಂದ. ಇನ್ನೂ ಜೋರಾಗಿ ಹೌದೆಂದರು. ಡಾಕ್ಟರು ಒಳ್ಳೆಯವರು, ನಮ್ಮ ಆಸ್ಪತ್ರೆಯ ತಂಡ ಒಳ್ಳೆಯದು ಎಂದ. ಅಲ್ಲಿಗೆ ಮುಗಿಸಿ ಕೂರುವ ಲಕ್ಷಣ ಕಂಡಿತು.

ವರ್ಲೀನ್ ಬಾಗಿಲು ಬಿಟ್ಟು ನಡುದಾರಿಯಲ್ಲಿ ನಡೆದುಬಂದಳು. ಯಾರಾದರೂ ಅಳತೆ ಮೀರಿ ಮಾತು ಎಳೆದರೆ ಬಾಗಿಲು ಕಾಯುವವರು ಬಂದು ಸಾಲಿನ ತುದಿಯಲ್ಲಿ ನಿಲ್ಲುವುದು ಅಲ್ಲಿನ ಪದ್ಧತಿ. ಒಂದು ಕೈ ಬೆನ್ನ ಹಿಂದೆ, ಇನ್ನೊಂದರಲ್ಲಿ ಬೀಸಣಿಗೆಯ ಕಟ್ಟು. ಅಳತೆಗಿಂತ ಕಡಿಮೆ ಹೇಳಿದವರ ಹತ್ತಿರ ಬಂದು ನಿಂತದ್ದು ಇದೇ ಮೊದಲು. ಗ್ರಿಗ್ಸ್ ಅವಳ ಮುಖ ನೋಡಿದ. ಕೈ ತಾನಾಗಿ ಎದೆಗೆ ಹೋಯಿತು.

"ಇನ್ನೊಂದು ಇದೆ," ಎಂದ. "ಆರು ವರ್ಷದ ಹಿಂದೆ. ಡೀಕನ್ ಬ್ಯಾಟಲ್. ಈಕೆ ಫೋನು ಮಾಡಿದ್ದರು. ಎತ್ತಿದ್ದು ನಾನು. ಕರೆ ಬರಲಿಲ್ಲ ಅಂತ ಆಮೇಲೆ ಬರೆದೆ. ಬಂದಿತ್ತು. ಈಕೆ ಕುರ್ಚಿಯಲ್ಲೇ ಇದ್ದರು. ನಾನು... ಹಲ್ಲುಜ್ಜುತ್ತಿದ್ದಾರೆ ಬಿಡಿ ಅಂದೆ."

ಬೀಸಣಿಗೆಗಳು ನಿಂತವು.

ಮೂರನೇ ಸಾಲಿನಲ್ಲಿ ಲೂರೀನ್ ಬ್ಯಾಟಲ್ ತಿರುಗಿ ಕೂತಳು. ಎಪ್ಪತ್ತೆಂಟು ವರ್ಷದ ಹೆಂಗಸು, ನೀಲಿ ಹ್ಯಾಟು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾವ ಹಲ್ಲು?" ಎಂದಳು.

ಗ್ರಿಗ್ಸ್ ಕೋಟಿನ ಗುಂಡಿ ಬಿಚ್ಚಿದ.

"ಕೇಳ್ತಿದೀನಿ ನಿಮ್ಮನ್ನ. ನಲವತ್ತು ವರ್ಷ ಅವರಿಗೆ ಗಂಜಿ ಕಾಸಿದೋಳು ನಾನು. ಯಾವ ಹಲ್ಲು ಉಜ್ಜುತಿದ್ದರು?"

ಅವನು ಕೂತ. ಯಾರೂ ಹೌದೆನ್ನಲಿಲ್ಲ, ಆಮೆನ್ ಎನ್ನಲಿಲ್ಲ. ಪಾದ್ರಿ ಕೂಡ ಪುಸ್ತಕದ ಹಾಳೆ ತಿರುವುತ್ತ ನಿಂತ.

ಲೂರೀನ್ ಕರವಸ್ತ್ರ ಮಡಚಿ ಕೈಚೀಲದೊಳಗಿಟ್ಟಳು, ಚೀಲ ಮುಚ್ಚಿದಳು. ಆಮೇಲೆ ವರ್ಲೀನ್ ಕಡೆಗೆ ಕೈ ಚಾಚಿದಳು. ಮುಖ ಸಡಿಲವಾಗಿರಲಿಲ್ಲ.

"ಕೊಡೇ ಇಲ್ಲಿ," ಎಂದಳು. "ಆರು ವರ್ಷದಿಂದ ಬೇಯ್ತಾ ಇದೀನಿ."

ವರ್ಲೀನ್ ಕಟ್ಟಿನಿಂದ ಒಂದನ್ನು ತೆಗೆದು, ಬೆಟ್ಟ, ಹೊಳೆ ಇದ್ದ ಬದಿ ಮೇಲೆ ಮಾಡಿ ಕೊಟ್ಟಳು. ಲೂರೀನ್ ಬೀಸಿಕೊಂಡಳು. ಅವಳ ಹ್ಯಾಟಿನ ಗರಿ ಅಲ್ಲಾಡಿತು.

ಬಾಗಿಲಿನತ್ತ ವಾಪಸು ಬರುವಾಗ ಗ್ರಿಗ್ಸ್‌ನ ಸಾಲು ಸಿಕ್ಕಿತು. ಕತ್ತಿನ ಪಟ್ಟಿ ಒದ್ದೆಯಾಗಿ ಅಂಟಿಕೊಂಡಿತ್ತು, ಕಿವಿ ಕೆಂಪಾಗಿತ್ತು. ಅವನು ಬೀಸಣಿಗೆಗೆ ಕೈ ಚಾಚಿದ.

ವರ್ಲೀನಳ ಕಂಕುಳಲ್ಲಿ ಇನ್ನೂ ಇಪ್ಪತ್ತಾದರೂ ಇದ್ದವು.

"ಒಂದೂ ಉಳಿದಿಲ್ಲ ಸಾರ್," ಎಂದು ಹೇಳಿ ಅವಳು ಮುಂದೆ ಹೋದಳು.